ಬಾತುಕೋಳಿಗೆ ಹಚ್ಚಿದ ವಿಭೂತಿ

ಇಂದು ಖಂಡೇ ಪೂಜೆ. ಯಾದಗಿರಿಯ ನಮ್ಮ ಮನೆಯಲ್ಲಿ ಮಿಕ್ಸರ್, ಇಸ್ತ್ರಿಪೆಟ್ಟಿಗೆ, ಸ್ಕೂಟರ್ ಎಲ್ಲಕ್ಕೂ ವಿಭೂತಿ ಎಳೆಯುತ್ತ ಬಂದವಳು ಮಗಳ ಮೊಬೈಲಿನ ಮುಂದೆ ನಿಂತುಬಿಟ್ಟೆ. ಒದ್ದೆ ವಿಭೂತಿಯ ವಾಸನೆಗೆ ಈ ವಯಸ್ಸಿನಲ್ಲೂ ನನ್ನ ಎದೆ ಡವಡವ ಅನ್ನುತ್ತದೆ. ನಗಬೇಡಿ, ಕಾರಣವಿದೆ.

ನಾನು ಚಿಕ್ಕವಳಿದ್ದಾಗ ನಾವು ಶಹಾಪುರದಲ್ಲಿದ್ದೆವು. ಸುರಪುರದ ಸೋದರಮಾವನ ಮನೆಯಲ್ಲಿ ಟೀವಿಗೆ ಜೋಡಿಸುವ ವಿಡಿಯೋ ಗೇಮ್ ಇತ್ತು. ಹಳದಿ ಕ್ಯಾಸೆಟ್ ತುರುಕಿದರೆ ಕಾರ್ಟೂನಿನ ಬಾತುಕೋಳಿ ನಮ್ಮ ಬೆರಳಿನ ಮಾತು ಕೇಳಿ ಜಿಗಿಯುತ್ತಿತ್ತು. ಭಾನುವಾರದ ಕಾರ್ಟೂನಿನಲ್ಲಿ ಅದು ಎಂದೂ ಸಾಯುತ್ತಿರಲಿಲ್ಲ. ಇಲ್ಲಿ ಸತ್ತರೆ ತಪ್ಪು ನಮ್ಮದೇ. ನಾನಂತೂ ಮೊದಲ ಹಳ್ಳವನ್ನೇ ದಾಟಿಸಿದವಳಲ್ಲ. ದಸರಾ ರಜೆಗೆ ಅದನ್ನು ನಮ್ಮ ಮನೆಗೆ ಒಯ್ಯಲು ಕೇಳಿದಾಗ ಮಾವ ಒಪ್ಪಲಿಲ್ಲ. ಅವರ ಮಗಳು ಶಕುಂತಕ್ಕ, ನನಗಿಂತ ಎರಡು ವರ್ಷ ದೊಡ್ಡವಳು, "ಕೊಡಪ್ಪ, ಆಕಿ ಕೆಡಸಂಗಿಲ್ಲ. ನಾ ಹೇಳ್ತೀನಲ್ಲ" ಎಂದಳು.

ಆ ಮಾತೇ ನನಗೆ ಭಾರವಾಯಿತು. ಕೆಟ್ಟರೆ ಏನು ಗತಿ ಎಂಬ ಹೆದರಿಕೆಯಲ್ಲಿ ಆಟವೇ ರುಚಿಸಲಿಲ್ಲ. ಖಂಡೇ ಪೂಜೆಯ ದಿನ ಅವ್ವ ಹೊಲಿಗೆ ಯಂತ್ರಕ್ಕೆ ಪೂಜೆ ಮಾಡುವಾಗ, ಇದಕ್ಕೂ ದೇವರ ಕಾವಲಿರಲಿ ಎಂದು ಕ್ಯಾಸೆಟ್ ಹೊರತೆಗೆದೆ. ಮೇಲಿನ ಚಿತ್ರಕ್ಕೆ ಹಚ್ಚಿದ್ದರೆ ಸಾಕಿತ್ತು. ಜೀವ ಇರುವುದು ಒಳಗಿನ ತಾಮ್ರದ ಹಲ್ಲುಗಳಲ್ಲಿ ಎಂದುಕೊಂಡು ಅಲ್ಲಿಗೇ ಮೂರು ಬೆರಳು ಒದ್ದೆ ವಿಭೂತಿ ಎಳೆದೆ. ಅತಿಯಾದರೆ ಅಮೃತವೂ ವಿಷವಂತೆ. ಬಾತುಕೋಳಿ ಮತ್ತೆ ಏಳಲಿಲ್ಲ. ಊದಿದೆ, ಒರೆಸಿದೆ, ಅತ್ತೆ. ಯಾರಿಗೂ ಹೇಳಲಿಲ್ಲ.

ಅದನ್ನು ಮರಳಿಸಲು ಅವ್ವನ ಜೊತೆ ಹೊರಟಾಗ ಬಸ್ಸು ದಾರಿಯಲ್ಲೇ ಕೆಟ್ಟು ನಿಲ್ಲಲಿ ಎಂದು ಬೇಡಿಕೊಂಡೆ. ಅದು ಹೊತ್ತಿಗೆ ಸರಿಯಾಗಿ ಸುರಪುರ ಮುಟ್ಟಿತು. ಶಕುಂತಕ್ಕ ಆಸೆಯಿಂದ ಜೋಡಿಸಿದಳು. ಪರದೆಯ ತುಂಬ ಬರೀ ಗೆರೆ. ಕ್ಯಾಸೆಟ್ ತೆಗೆದು ನೋಡಿದಳು. ಸಂದಿಯಲ್ಲಿ ಇನ್ನೂ ಬಿಳಿ ಉಳಿದಿತ್ತು. ನನ್ನ ಮುಖ ನೋಡಿದಳು. ಅಷ್ಟರಲ್ಲಿ ಮಾವ ಬಂದರು.

"ಏನಾತು? ಯಾರು ಕೆಡಿಸಿದ್ರು?"

"ಈಗ ನನ್ನ ಕೈಲೇ ಬಿತ್ತಪ್ಪ," ಎಂದಳು ಶಕುಂತಕ್ಕ.

ಬೈಗುಳವೆಲ್ಲ ಅವಳ ಪಾಲಿಗೆ ಬಂತು, ಆಟ ಅಟ್ಟ ಸೇರಿತು. ನಾನು ಶಕುಂತಕ್ಕನ ಅವ್ವ ಕೊಟ್ಟ ಚಹಾ ಕುಡಿಯುತ್ತ ಕುಳಿತಿದ್ದೆ. ಎಂಥ ಪುಕ್ಕಲಿ ನೋಡಿ.

ಇಂದು ಪೂಜೆ ಅರ್ಧಕ್ಕೇ ಬಿಟ್ಟು, ಅವಳಿಗೆ ಫೋನು ಮಾಡಿದೆ. "ಶಕುಂತಕ್ಕಾ, ಆ ಕ್ಯಾಸೆಟ್ ಕೆಡಿಸಿದಾಕಿ ನಾನು."

"ಗೊತ್ತಿತ್ತವಾ. ಅವತ್ತು ನೀ ಬಸ್ ಹತ್ತೋ ಮಟ ನಿನ್ನ ಹಿಂದಿಂದ ಬಂದಿದ್ದೆ, ಈಗ ಹೇಳ್ತಿ, ಆಗ ಹೇಳ್ತಿ ಅಂತ" ಎಂದಳು.

ಹೌದು, ಬಸ್‌ಸ್ಟ್ಯಾಂಡಿನವರೆಗೂ ಬಂದಿದ್ದಳು. ಬೈಯಲು ಬಂದಿದ್ದಾಳೆ ಎಂದು ಹೆದರಿ ನಾನು ಅವ್ವನ ಸೆರಗು ಬಿಟ್ಟಿರಲಿಲ್ಲ.