ಶಾಂತಾ ಟೀಚರ್ ಮತ್ತು ಗಡಿಯಾರದವ

ಆಕಾಶದಲ್ಲಿ ಹಾರಿ ಬರುವ ಮನುಷ್ಯನನ್ನು ಟಿ.ವಿ.ಯಲ್ಲಿ ಕಂಡರೆ ಬೇರೆಯವರು ಅವನ ಬಲ ನೋಡುತ್ತಾರೆ. ಶಾಂತಾ ಟೀಚರ್ ಅವನಿಗೆ ಯಾರಾದರೂ ನೀರು ಕೊಟ್ಟರೋ ಇಲ್ಲವೋ ಎಂದು ನೋಡುತ್ತಿದ್ದರು. ಅವನು ಉರಿಯುವ ಕಟ್ಟಡದಿಂದ ಜನರನ್ನು ಹೊತ್ತು ತರುತ್ತಿದ್ದ, ಕುಸಿಯುವ ಸೇತುವೆಗೆ ಹೆಗಲು ಕೊಡುತ್ತಿದ್ದ. ಕೆಳಗೆ ನಿಂತವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಟೀಚರ್ ಮಾತ್ರ ಬೇಸರ ಮಾಡಿಕೊಂಡು, "ಇಷ್ಟ್ ದೂರದಿಂದ ಬಂದಾನ. ಒಬ್ಬರಾದ್ರೂ ನೀರ್ ಕುಡೀತಿ ಏನಪಾ ಅಂತ ಕೇಳವಲ್ರು ನೋಡು," ಎನ್ನುತ್ತಿದ್ದರು.

ಆಗ ನನಗೆ ಇಪ್ಪತ್ತಮೂರು. ಸುರಪುರದ ಒಂದು ಸಹಕಾರಿ ಸಂಘದಲ್ಲಿ ಟೈಪಿಂಗ್ ಕೆಲಸ ಸಿಕ್ಕಿತ್ತು. ನನ್ನೂರು ಗೋಗಿ. ದಿನಾ ಶಹಾಪುರಕ್ಕೆ ಬಂದು ಬಸ್ಸು ಬದಲಿಸಿ ಹೋಗಿಬರುವುದು ಆಗದೆ, ಗುಡ್ಡದ ಕೆಳಗಿನ ಒಂದು ಓಣಿಯಲ್ಲಿ ನೀಲಮ್ಮನವರ ಮನೆಯ ಮಹಡಿಯ ಮೇಲೆ ಖೋಲಿ ಹಿಡಿದಿದ್ದೆ. ನೀಲಮ್ಮ ಗಂಡನಿಲ್ಲದ ಹೆಂಗಸು. ಬಜಾರಿನಲ್ಲಿದ್ದ ಬಟ್ಟೆ ಅಂಗಡಿಯನ್ನು ಮಗ ನೋಡಿಕೊಳ್ಳುತ್ತಿದ್ದ, ಅವನ ಸಂಸಾರ ಅಂಗಡಿಯ ಮೇಲೆಯೇ ಇತ್ತು. ಮಹಡಿಯಲ್ಲಿ ಎರಡು ಖೋಲಿ. ನಾನು ಬಂದು ಒಂದು ತಿಂಗಳಾದ ಮೇಲೆ ಎರಡನೆಯದಕ್ಕೆ ಶಾಂತಾ ಟೀಚರ್ ಬಂದರು. ಸಮೀಪದ ಹಳ್ಳಿಯ ಸರಕಾರಿ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದರು. ನಲವತ್ತರ ಆಸುಪಾಸು, ಮದುವೆಯಾಗಿರಲಿಲ್ಲ. ಬಿಗಿಯಾಗಿ ಹೆಣೆದ ಜಡೆ, ಇಸ್ತ್ರಿ ಮಾಡಿದ ಕಾಟನ್ ಸೀರೆ, ಬಲಗೈ ಬೆರಳಿನಲ್ಲಿ ಯಾವಾಗಲೂ ಸುಣ್ಣದಕಡ್ಡಿಯ ಪುಡಿ.

ಅವರು ಬಂದ ದಿನ ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ನೀಲಮ್ಮ ಹಣೆಯ ಮೇಲಿನ ವಿಭೂತಿಯನ್ನು ಸರಿಮಾಡಿಕೊಳ್ಳುತ್ತ, ಯಾವೂರು, ಯಾವ ಪೈಕಿ ಎಂದು ವಿಚಾರಿಸಿದರು. ಟೀಚರ್ ಟ್ರಂಕನ್ನು ಕೆಳಗಿಟ್ಟು, ಕೊಡೇಕಲ್ ಕಡೆ ಎಂದರು. ಎರಡನೆಯ ಪ್ರಶ್ನೆಗೆ, "ನಿಮ್ಮಂಗ ನಾವೂ ರೀ," ಎಂದರು. ನೀಲಮ್ಮನಿಗೆ ಅಷ್ಟು ಸಾಕಾಯಿತು.

ಟೀಚರ್ ಹತ್ತಿರ ಟಿ.ವಿ. ಇರಲಿಲ್ಲ. ನನ್ನ ಹತ್ತಿರ ಅಣ್ಣ ಕೊಡಿಸಿದ ಸಣ್ಣದೊಂದು ಇತ್ತು. ಸಂಜೆ ಆರಕ್ಕೆ ನಾನು ಬರೀ ಸದ್ದಿಗಾಗಿ ಅದನ್ನು ಹಚ್ಚುತ್ತಿದ್ದೆ. ಖಾಲಿ ಖೋಲಿಯಲ್ಲಿ ಯಾರಾದರೂ ಮಾತಾಡಿದಂತೆ ಇರಲಿ ಎಂದು. ಒಂದು ದಿನ ಕನ್ನಡಕ್ಕೆ ಡಬ್ ಆದ ಕಾರ್ಟೂನು ಬರುತ್ತಿತ್ತು. ಟೀಚರ್ ಬಾಗಿಲಲ್ಲೇ ನಿಂತು ಐದು ನಿಮಿಷ ನೋಡಿದರು. ಮರುದಿನ ಒಳಗೆ ಬಂದು ಕೂತರು. ಮೂರನೆಯ ದಿನದಿಂದ ಅವರಿಗಾಗಿ ನಾನು ಚಾಪೆ ಹಾಸಿ, ತಂಬಿಗೆಯಲ್ಲಿ ನೀರು, ಒಂದು ಸ್ಟೀಲ್ ಗ್ಲಾಸು ಇಟ್ಟು ಕಾಯತೊಡಗಿದೆ.

ಆ ಕಾರ್ಟೂನಿನ ನಾಯಕ ಹಗಲಲ್ಲಿ ಒಂದು ಸಣ್ಣ ಅಂಗಡಿಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ. ಆಪತ್ತು ಬಂದರೆ ಹಸಿರು ಮುಖವಾಡ ಹಾಕಿಕೊಂಡು ಹಾರುತ್ತಿದ್ದ. ಅವನಿಗೊಂದು ದೊಡ್ಡ ಬಿರುದೇ ಇತ್ತು. ಟೀಚರ್ ಮಾತ್ರ ಅವನನ್ನು ಗಡಿಯಾರದವ ಎಂದೇ ಕರೆಯುತ್ತಿದ್ದರು. ಅವನು ಕುಣಿದು ಕುಪ್ಪಳಿಸಿ ಹೊಡೆದಾಡುವಾಗ ಅವರ ಲಕ್ಷ್ಯ ಬೇರೆಲ್ಲೋ ಇರುತ್ತಿತ್ತು. ಹೊಡೆದಾಟ ಮುಗಿದು ಅವನು ತನ್ನ ಖೋಲಿಗೆ ಮರಳಿ ದೀಪ ಹಚ್ಚುತ್ತಾನಲ್ಲ, ಆಗ ಮುಂದಕ್ಕೆ ಸರಿದು ಕೂರುತ್ತಿದ್ದರು. "ಊರೆಲ್ಲ ಉಳಿಸ್ಯಾನ. ಈಗ ಒಬ್ಬನ ಕುಂತು ಉಣ್ತಾನ," ಎಂದು ಮೆಲ್ಲಗೆ ಹೇಳುತ್ತಿದ್ದರು. ಒಮ್ಮೆ ಅವನು ತಡವಾಗಿ ಬಂದದ್ದರಿಂದ ಒಂದು ಗೋಪುರ ಬಿದ್ದುಹೋಯಿತು. ಟೀಚರ್ ದೂರವನ್ನೂ ವೇಗವನ್ನೂ ಬೆರಳಲ್ಲೇ ಲೆಕ್ಕ ಹಾಕಿ, ಅವನ ತಪ್ಪಿಲ್ಲ, ಖಬರೇ ತಡವಾಗಿ ಮುಟ್ಟಿದೆ ಎಂದು ತೀರ್ಪು ಕೊಟ್ಟರು.

ಭಾನುವಾರ ಬೆಳಗ್ಗೆ ಮಾಯಾಲೋಕದ ಧಾರಾವಾಹಿಯೊಂದು ಬರುತ್ತಿತ್ತು. ಅದರಲ್ಲಿ ಮಾತಾಡುವ ಬಿಳಿ ಕುದುರೆ ಇತ್ತು. ರಾಜಕುಮಾರನಿಗೆ ದಾರಿ ತೋರಿಸಿದ್ದು, ಮಂತ್ರವಾದಿಯ ಒಗಟು ಬಿಡಿಸಿದ್ದು ಎಲ್ಲ ಅದೇ. ಕೊನೆಗೆ ಅರಮನೆಯಲ್ಲಿ ಮದುವೆಯಾಯಿತು. ಹೂವು, ದೀಪ, ನೂರಾರು ಮಂದಿ. ಟೀಚರ್ ಕಣ್ಣು ಸಣ್ಣ ಮಾಡಿ ಪರದೆಯ ಮೂಲೆ ಮೂಲೆ ಹುಡುಕಿದರು. "ಕುದುರಿ ಎಲ್ಲಿ?" ಎಂದರು. ಮುಂದಿನ ವಾರ ಅದನ್ನು ಲಾಯದಲ್ಲಿ ಕಟ್ಟಿದ್ದು ಕಂಡಿತು. "ಮಾತ್ ಬರ್ತದ, ಬುದ್ಧಿ ಅದ. ಮತ್ತ ಹೊರಗ್ ಯಾಕ ಕಟ್ಯಾರ?" ಎಂದು ನನ್ನನ್ನೇ ಕೇಳಿದರು. ನಾನು ನಕ್ಕುಬಿಟ್ಟೆ. ಅವರೂ ನಕ್ಕರು, ಸ್ವಲ್ಪ ತಡವಾಗಿ.

ನೀಲಮ್ಮನಿಗೂ ಅವರೆಂದರೆ ಅಕ್ಕರೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ ಮೇಲಕ್ಕೆ ಬರುತ್ತಿದ್ದವು. ಟೀಚರ್ ಅಂದರೆ ಹೀಗಿರಬೇಕು, ಸುಮ್ಮನೆ ಬರುತ್ತಾರೆ, ಸುಮ್ಮನೆ ಹೋಗುತ್ತಾರೆ ಎಂದು ಓಣಿಯವರ ಮುಂದೆ ಹೊಗಳುತ್ತಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಸಂಜೆ ಗಡಿಯಾರದವ ಪೆಟ್ಟು ತಿಂದು ನಡುಬೀದಿಯಲ್ಲಿ ಬಿದ್ದ. ಊರಿನವರು ಸುತ್ತ ನೆರೆದರು. ಒಬ್ಬ ಬಗ್ಗಿ ಅವನ ಮುಖವಾಡಕ್ಕೆ ಕೈ ಹಾಕಿದ. ಅಷ್ಟರಲ್ಲಿ ಟೀಚರ್ ಎದ್ದು ಟಿ.ವಿ. ಬಂದ್ ಮಾಡಿದರು. ಯಾಕೆ ಎಂದು ಕೇಳಿದೆ. ಅದನ್ನು ನೋಡುವುದು ಬೇಡ ಎಂದಷ್ಟೇ ಹೇಳಿ ತಮ್ಮ ಖೋಲಿಗೆ ಹೋದರು. ಮರುದಿನ ಬೆಳಗ್ಗೆ ಅದೇ ಕಂತು ಮತ್ತೆ ಬಂತು. ನಾನು ಆಫೀಸಿಗೆ ತಡವಾದರೂ ಪೂರ್ತಿ ನೋಡಿದೆ. ಸಂಜೆ ಅವರು ಬಂದ ಕೂಡಲೇ ಹೇಳಿದೆ: ಜನ ಮುಖ ನೋಡಿದರು, ಇವನು ನಮ್ಮ ಗಡಿಯಾರದ ಅಂಗಡಿಯವನು ಎಂದು ಗುರುತು ಹಿಡಿದರು, ಅವನಿಗೆ ಎಚ್ಚರವಾಗುವ ಮೊದಲೇ ಮುಖವಾಡವನ್ನು ತಿರುಗಿ ಹಾಕಿ, ಎತ್ತಿಕೊಂಡು ಹೋಗಿ ಅವನ ಮನೆಯಲ್ಲೇ ಮಲಗಿಸಿದರು, ಯಾರೂ ಯಾರಿಗೂ ಹೇಳಲಿಲ್ಲ.

"ಖರೇನ?" ಎಂದರು ಟೀಚರ್.

ಖರೇ ಎಂದೆ.

ಅವರು ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಅವ್ರು ಕಾರ್ಟೂನಿನ ಮಂದಿ, ಗಿರಿಜಾ," ಎಂದರು.

ಎರಡು ತಿಂಗಳ ನಂತರ ಅವರ ತಮ್ಮ ಬಂದ. ಟೀಚರ್ ಶಾಲೆಗೆ ಹೋಗಿದ್ದರು. ಕಡೇಚೂರಿನ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವವನು, ರಜೆ ಹಾಕಿ ತನ್ನ ಮದುವೆ ಕಾರ್ಡು ಹಂಚುತ್ತಿದ್ದ. ಅಕ್ಕನ ಮನೆ ಮಾಲೀಕರು ಎಂದು ಗೌರವದಿಂದ ನೀಲಮ್ಮನ ಕೈಗೂ ಒಂದು ಕೊಟ್ಟು, ನೀವೆಲ್ಲರೂ ಬರಬೇಕು ಎಂದು ಕೈಮುಗಿದು ಹೋದ. ನಾನು ಆಫೀಸಿನಿಂದ ಬಂದಾಗ ಕಾರ್ಡು ಕಟ್ಟೆಯ ಮೇಲೆ ಬಿದ್ದಿತ್ತು. ನೀಲಮ್ಮ ಅದನ್ನು ಮುಟ್ಟದೆ ಕಣ್ಣಲ್ಲೇ ತೋರಿಸಿದರು. ಮೇಲ್ಭಾಗದಲ್ಲಿ ಬುದ್ಧನ ಚಿತ್ರ. ಊರು ಕೊಡೇಕಲ್ ಕಡೆಯದಲ್ಲ, ಸೈದಾಪುರದ ಹತ್ತಿರದ್ದು. ಅವರು ಯಾವ ಕೇರಿಯವರು ಎಂಬುದಕ್ಕೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

ನೀಲಮ್ಮ ಕೂಗಾಡಲಿಲ್ಲ. ನನ್ನನ್ನು ಹತ್ತಿರ ಕರೆದು, "ನನಗೇನ್ ಆಕಿ ಮ್ಯಾಲ ಸಿಟ್ಟಿಲ್ಲವಾ. ನಾಳೆ ಓಣಿ ಮಂದಿ ಕೇಳ್ತಾರ, ನಾ ಏನ್ ಹೇಳ್ಲಿ? ಮಗ ಮನಿಗಿ ಬರ್ತಾನ, ಖೋಲಿ ಬೇಕಾಗ್ಯಾದ ಅಂತ ನೀನ ಹೇಳಿಬಿಡು. ನೀ ನಮ್ಮಾಕಿ," ಎಂದರು.

ಮೇಲೆ ಹೋದೆ. ಚಾಪೆಯ ಪಕ್ಕದಲ್ಲಿ ಹಿಂದಿನ ದಿನ ಟೀಚರ್ ನೀರು ಕುಡಿದ ಗ್ಲಾಸಿತ್ತು. ಅದನ್ನು ಒಯ್ದು ತಿಕ್ಕಿ ತೊಳೆದೆ. ಆಮೇಲೆ ಇನ್ನೊಮ್ಮೆ ತಿಕ್ಕಿದೆ. ಎರಡನೆಯ ಸಲ ಯಾಕೆ ತಿಕ್ಕಿದೆ ಎಂದು ನನಗೆ ಗೊತ್ತಿತ್ತು. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಟೀಚರ್ ಐದೂವರೆಗೆ ಬಂದರು. ಅವರು ಬೀಗ ತೆಗೆಯುತ್ತಿರುವಾಗಲೇ, ನೆಲ ನೋಡುತ್ತ, ನೀಲಮ್ಮ ಹೇಳಿಕೊಟ್ಟದ್ದನ್ನು ಒಪ್ಪಿಸಿದೆ. ಬೀಗದ ಕೈ ತಿರುಗುವ ಸದ್ದು ನಿಂತಿತು.

"ತಮ್ಮ ಬಂದಿದ್ನೇನು?" ಎಂದರು.

ಹೌದೆಂದೆ.

"ಕಾರ್ಡ್ ಓದಿದಿ?"

ಅದಕ್ಕೂ ಹೌದೆಂದೆ.

"ಅಕ್ಷರ ಚಂದ ಹಾಕ್ಸ್ಯಾನ, ಅಲ್ಲ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದರು.

ಆರಕ್ಕೆ ನಾನು ಚಾಪೆ ಹಾಸಿದೆ, ಟಿ.ವಿ. ಹಚ್ಚಿದೆ. ಗೋಡೆಯಾಚೆ ಕೇಳಲಿ ಎಂದು ಸದ್ದು ಹೆಚ್ಚಿಸಿದೆ. ಕಾರ್ಟೂನು ಶುರುವಾಯಿತು, ಮುಗಿಯಿತು. ಅವರು ಬರಲಿಲ್ಲ. ಕರೆಯಲು ಏಳು ಹೆಜ್ಜೆ ನಡೆದರೆ ಸಾಕಿತ್ತು. ಆ ಏಳು ಹೆಜ್ಜೆ ನಾನು ನಡೆಯಲಿಲ್ಲ.

ಭಾನುವಾರ ಅವರು ಒಂದು ಆಟೋದಲ್ಲಿ ಸಾಮಾನು ಹೇರಿಕೊಂಡು ಹೋದರು. ನೀಲಮ್ಮ ಒಳಗೇ ಇದ್ದರು. ಮರುದಿನವೇ ಖೋಲಿ ತೊಳೆಸಿ, ಸುಣ್ಣ ಬಳಿಸಿದರು. ಮಗ ಬರಲಿಲ್ಲ. ಖೋಲಿ ಆರು ತಿಂಗಳು ಹಾಗೇ ಬಿದ್ದಿತ್ತು. ಆ ಮೇಲೆ ನಾನು ಸಂಜೆ ಟಿ.ವಿ. ಹಚ್ಚಿದರೂ ಅದರಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯುತ್ತಿರಲಿಲ್ಲ. ಯಾರೋ ಹಾರುತ್ತಿದ್ದರು, ಏನೋ ಒಡೆಯುತ್ತಿತ್ತು. ನಾನೂ ವರ್ಷದೊಳಗೆ ಬೇರೆ ಕೆಲಸ ಹಿಡಿದು ಯಾದಗಿರಿಗೆ ಹೋದೆ.

ಅವರನ್ನು ಮತ್ತೆ ಕಂಡದ್ದು ಒಂಬತ್ತು ವರ್ಷದ ಮೇಲೆ, ಹೋದ ಬೇಸಿಗೆಯಲ್ಲಿ, ಯಾದಗಿರಿ ಸ್ಟೇಷನ್ನಿನಲ್ಲಿ. ರೈಲಿನಲ್ಲಿ ಬರುತ್ತಿದ್ದ ಅಣ್ಣನನ್ನು ಕರೆದೊಯ್ಯಲು ಹೋಗಿದ್ದೆ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಿದ್ದರು, ತಲೆ ಅರ್ಧ ಬೆಳ್ಳಗಾಗಿತ್ತು. ನನ್ನನ್ನು ಮೊದಲು ಗುರುತಿಸಿದ್ದು ಅವರೇ. ಪಕ್ಕದಲ್ಲಿದ್ದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಜಾಗ ಮಾಡಿಕೊಟ್ಟರು. ಈಗ ಹೆಡ್‌ಮಿಸ್ಟ್ರೆಸ್ ಆಗಿದ್ದಾರಂತೆ, ಸೈದಾಪುರದಲ್ಲಿ ಸ್ವಂತ ಮನೆ ಕಟ್ಟಿಸಿದ್ದಾರಂತೆ. ತಮ್ಮನಿಗೆ ಇಬ್ಬರು ಹೆಣ್ಣುಮಕ್ಕಳು, ಅವನು ಫ್ಯಾಕ್ಟರಿಯ ಕ್ವಾರ್ಟರ್ಸಿನಲ್ಲೇ ಇರುತ್ತಾನೆ ಎಂದರು.

ಒಂಬತ್ತು ವರ್ಷ ಬಾಯಲ್ಲೇ ಉಳಿದಿದ್ದ ಮಾತನ್ನು ಆಡಿದೆ. ಅವತ್ತು ನಾನು ಬಂದು ಹಾಗೆ ಹೇಳಬಾರದಿತ್ತು ಎಂದೆ.

ಅವರು ಹಳಿಯ ಕಡೆಗೇ ನೋಡುತ್ತಿದ್ದರು. "ನೀ ಹೇಳಿದ್ದಕ್ಕ ಅಲ್ಲ ಬಿಡು. ನೀ ಅಲ್ಲಂದ್ರ ಬ್ಯಾರೆ ಯಾರರೆ ಹೇಳ್ತಿದ್ರು. ಹೇಳುವಾಗ ನೀ ನನ್ನ ಮಾರಿ ನೋಡ್ಲಿಲ್ಲ. ಅದ ಒಂದು ಉಳಿದದ."

ಏನಾದರೂ ಕೇಳಬೇಕೆಂದು, ಈಗಲೂ ಕಾರ್ಟೂನು ನೋಡುತ್ತೀರಾ ಎಂದೆ.

"ದೊಡ್ಡ ಟಿ.ವಿ. ತಂದೀನಿ. ಆರಕ್ಕ ಹಚ್ಚಿ ಕುಂದ್ರತೀನಿ. ಆದ್ರ ಒಬ್ಬಾಕಿ ಕುಂತಾಗ ಏನ್ ಅನ್ನೂದು, ಯಾರಿಗಿ ಅನ್ನೂದು? ಬಾಯೇ ಬರಂಗಿಲ್ಲ. ಸುಮ್ಮ ನೋಡ್ತೀನಿ, ಬಂದ್ ಮಾಡ್ತೀನಿ."

ಅವರ ಗಾಡಿ ಬಂತು. ಎದ್ದು ಸೆರಗು ಸರಿಮಾಡಿಕೊಂಡರು. ನಮ್ಮ ಕಡೆ ದಾರಿಯಲ್ಲಿ ಸಿಕ್ಕ ಅರೆಪರಿಚಯದವರಿಗೂ ಹೋಗುವಾಗ ಮನೆಗೆ ಬರ್ರಿ ಎನ್ನುತ್ತಾರೆ. ನಾನು ಆ ಮಾತಿಗಾಗಿ ಕಾದೆ. ಟೀಚರ್ ನನ್ನ ಮುಖವನ್ನು ನೋಡಿದರು, ನೆಟ್ಟಗೆ, ಸ್ವಲ್ಪ ಹೊತ್ತು. ಆಮೇಲೆ "ಬರ್ತೀನಿ, ಗಿರಿಜಾ," ಎಂದಷ್ಟೇ ಹೇಳಿ, ಚೀಲ ಎತ್ತಿಕೊಂಡು ಹೆಂಗಸರ ಡಬ್ಬಿ ಹತ್ತಿದರು.