ಮಾಸ್ತರರ ಕೊರಳಿಗೆ ಗೆರಟೆ

ಕಾರ್ಕಳದಲ್ಲಿ ನಾನು ಐದನೆಯ ತರಗತಿಯಲ್ಲಿದ್ದಾಗ ನಮ್ಮ ಮಾಸ್ತರರದ್ದೊಂದು ಕ್ರಮವಿತ್ತು. ಶಾಲೆಯಲ್ಲಿ ತುಳು ಮಾತನಾಡಿದವರ ಕೊರಳಿಗೆ ದಾರ ಕಟ್ಟಿದ ತೆಂಗಿನ ಗೆರಟೆ, ಕಾಯಿ ತುರಿದು ಉಳಿದ ಚಿಪ್ಪು. ಅದು ಇಳಿಯಬೇಕಾದರೆ ತುಳು ಮಾತನಾಡಿದ ಇನ್ನೊಬ್ಬರನ್ನು ಹಿಡಿದುಕೊಡಬೇಕು. ಸಂಜೆ ಬೆಲ್ ಹೊಡೆಯುವಾಗ ಯಾರ ಕೊರಳಲ್ಲಿ ಗೆರಟೆ ಇರುತ್ತದೋ ಅವರು ಹಿಡಿಸೂಡಿಯಿಂದ ತರಗತಿ ಗುಡಿಸಬೇಕು.

ಮನೆಯಲ್ಲಿ ತುಳು ಬಿಟ್ಟು ಬೇರೆ ಕೇಳದ ನನಗೆ ಅದು ದಿನದ ಆಭರಣ. ಒಂದು ಸಂಜೆ, ಗೆರಟೆ ನನ್ನ ಕೊರಳಲ್ಲಿದ್ದಾಗ, ನನ್ನ ಪ್ರಾಣದ ಗೆಳತಿಗೆ ಅಂಗಳದಲ್ಲಿ ಮುಳ್ಳು ಹೊಕ್ಕಿತು. ನೋವಿಗೆ "ಅಪ್ಪೇ" ಎಂದು ತುಳುವಿನಲ್ಲಿ ತಾಯಿಯನ್ನು ಕೂಗಿದಳು. ನಾನು ಓಡಿಹೋಗಿ ಮಾಸ್ತರರಿಗೆ ಹೇಳಿದೆ. ಆ ದಿನ ಅವಳು ಕುಂಟುತ್ತ ಗುಡಿಸಿದಳು, ಆಮೇಲೆ ನನ್ನೊಡನೆ ಮಾತನಾಡಲೇ ಇಲ್ಲ. ನನ್ನಿಂದ ಅದನ್ನು ಮಾಡಿಸಿದವರನ್ನು ನಾನು ಕ್ಷಮಿಸಲಿಲ್ಲ. ಆದದ್ದನ್ನು ಹೊಟ್ಟೆಗೆ ಹಾಕಿಕೊಳ್ಳುವವರ ಪೈಕಿ ನಾನಲ್ಲ.

ಈಗ ನಾನು ಕಾಪು ಕಡೆಯ ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿ. ಮಕ್ಕಳ ಒಳ್ಳೆಯ ನಡತೆಯನ್ನು ಪ್ರೋತ್ಸಾಹಿಸಲು ಏನಾದರೂ ಮಾಡೋಣವೆಂದು ಮಾತು ಬಂದಾಗ ಉಳಿದ ಟೀಚರುಗಳು ಸ್ಟಾರ್, ಬ್ಯಾಡ್ಜ್ ಎಂದರು. ನಾನು ಗೆರಟೆ ಎಂದೆ. ಒಳ್ಳೆಯ ಕೆಲಸ ಮಾಡಿದವರ ಕೊರಳಿಗೆ ಗೆರಟೆ. ಅವರು ಇನ್ನೊಬ್ಬರ ಒಳ್ಳೆಯ ಕೆಲಸ ಕಂಡು, ತಮಗೆ ಬಂದ ಭಾಷೆಯಲ್ಲಿ ಎಲ್ಲರೆದುರು ಹೇಳಿ, ಅದನ್ನು ಅವರಿಗೆ ಹಾಕಬೇಕು. ಎಲ್ಲರೂ ಮೆಚ್ಚಿದರು. ಮೊದಲ ಕೊರಳು ಯಾರದ್ದೆಂದು ನಾನು ಆಗಲೇ ನಿಶ್ಚಯಿಸಿದ್ದೆ.

ಫೋನ್ ಮಾಡಿದಾಗ ನಿವೃತ್ತ ಮಾಸ್ತರರು ಕರಗಿಹೋದರು. "ನನ್ನನ್ನು ನೆನಪಿಟ್ಟಿದ್ದೀಯಲ್ಲ ಮಾರಾಯ್ತಿ."

"ಹೇಗೆ ಮರೆಯುವುದು ಸರ್" ಎಂದೆ.

ಉದ್ಘಾಟನೆಯ ಬೆಳಿಗ್ಗೆ ಶಾಲು ಹೊದಿಸಿ, ಹಾರದ ಬದಲು ಗೆರಟೆ ಹಾಕಿದೆ. "ನಮಗೆ ಕನ್ನಡ ಕಲಿಸಿದರು" ಎಂದು ಕಾರಣ ಹೇಳಿದೆ. ಅವರು ಮೈಕಿನಲ್ಲಿ, "ಒಳ್ಳೆ ಐಡಿಯಾ. ನಮ್ಮ ಕಾಲದಲ್ಲಿ ಇಂಥದ್ದೆಲ್ಲ ಎಲ್ಲಿತ್ತು?" ಎಂದರು. ನನ್ನ ಮೈಯೆಲ್ಲ ಉರಿಯಿತು.

ಇನ್ನೊಬ್ಬರಿಗೆ ದಾಟಿಸುವ ತನಕ ತೆಗೆಯುವಂತಿಲ್ಲವೆಂದು ಹೇಳಿ ಅವರನ್ನು ಜಗಲಿಯಲ್ಲಿ ಕುರ್ಚಿ ಹಾಕಿ ಕೂರಿಸಿದೆ. ಊಟದ ಹೊತ್ತಿಗೆ ದೊಡ್ಡ ಮಕ್ಕಳು ಚಿಕ್ಕವರ ತಟ್ಟೆ ತೊಳೆದುಕೊಟ್ಟರು. ಮಾಸ್ತರರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದರು. "ಆ ಹುಡುಗಿಯ ಜಡೆ ಬಿಚ್ಚಿದೆ. ಇವನೆಂತ, ಸಾಲು ಬಿಟ್ಟು ನಿಂತದ್ದು?" ಮೂರು ಗಂಟೆಯಾದರೂ ಅವರಿಗೆ ಒಂದು ಒಳ್ಳೆಯ ಕೆಲಸ ಸಿಗಲಿಲ್ಲ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಬೆಲ್ಲಿಗೆ ಐದು ನಿಮಿಷವಿರುವಾಗ, ಮಕ್ಕಳೆಲ್ಲ ಅಂಗಳದಲ್ಲಿ ಸೇರಿದ್ದಾಗ, ಅವರು ಎದ್ದು ನನ್ನ ಮುಂದೆ ಬಂದು ನಿಂತರು. ಕೈ ದಾರದ ಮೇಲಿತ್ತು.

"ಹಳೆ ಮಾಸ್ತರನ್ನು ಮರೆಯದೆ ಕರೆದಳು. ಇದಕ್ಕಿಂತ ಒಳ್ಳೆ ಕೆಲಸ ಎಂತ ಉಂಟು?"

ಮಕ್ಕಳು ಚಪ್ಪಾಳೆ ತಟ್ಟಿದರು. ಕೊರಳು ಬಗ್ಗಿಸಿದ್ದರೆ ಮುಗಿಯುತ್ತಿತ್ತು. ನಾನು ಒಂದು ಹೆಜ್ಜೆ ಹಿಂದೆ ಸರಿದು, ಅವರಿಗೆ ಮಾತ್ರ ಕೇಳುವಂತೆ ತುಳುವಿನಲ್ಲಿ ಹೇಳಿದೆ. ಒಳ್ಳೆಯ ಮನಸ್ಸಿನಿಂದ ಕರೆದದ್ದಲ್ಲ ಸರ್, ಈ ಗೆರಟೆ ನಿಮ್ಮದೇ, ಕಾರ್ಕಳದ್ದು.

ಅವರು ಗೆರಟೆಯನ್ನು ನೋಡಿದರು, ನನ್ನನ್ನು ನೋಡಿದರು. ಮುಖ ಬಿಳಿಚಿತು. ಬೆಲ್ ಹೊಡೆಯಿತು, ಗೆರಟೆ ಅವರ ಕೊರಳಲ್ಲೇ ಇತ್ತು.

ಹಿಡಿಸೂಡಿ ಬಾಗಿಲ ಹಿಂದೆಯೇ ಇತ್ತು. ತೆಗೆದು ಕೈಗೆ ಕೊಡಲಿಲ್ಲ. ಅಷ್ಟು ಒಳ್ಳೆಯ ನಡತೆ ನನ್ನಲ್ಲೂ ಉಂಟು.