ಅಕ್ಕನ ಅಡ್ಡಿಕೆ ಬಿಗಿಯಾದದ್ದು

ನಮ್ಮಕ್ಕನ ಅಡ್ಡಿಕೆ ಮೂರು ವರ್ಷದಲ್ಲಿ ಮೂರು ಸಲ ಬಿಗಿಯಾಯಿತು.

ಅಡ್ಡಿಕೆ ಎಂದರೆ ಕುತ್ತಿಗೆಗೆ ಅಂಟಿದಂತೆ ಕಟ್ಟಿಕೊಳ್ಳುವ ಚಿನ್ನದ ಒಡವೆ. ಅವ್ವನಿಂದ ಅಕ್ಕನಿಗೆ ಬಂದದ್ದು, ನಾಲ್ಕು ತೊಲದ್ದು. ಬಿಗಿಯಾದಾಗ ನಾವು ಮಾಡಿದ್ದೇನು? ಸಂತೆಪೇಟೆಯಲ್ಲಿ ಒಡವೆ ಪೋಣಿಸಿಕೊಡುವ ಪಟವೇಗಾರರ ಅಂಗಡಿಗೆ ಹೋಗಿ, ರೇಷ್ಮೆ ದಾರ ಉದ್ದ ಮಾಡಿಸಿಕೊಂಡು ಬಂದೆವು. ಅವ್ವನಿಗಂತೂ ಖುಷಿಯೋ ಖುಷಿ. "ಈಗ ಕೊಳ್ಳು ತುಂಬೈತೆ ನೋಡ್ರಿ. ಮೊದ್ಲು ಕೊಕ್ಕರೆ ಇದ್ದಂಗಿದ್ಲು" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ನಾನೂ ತಲೆಯಾಡಿಸಿದವನೇ. (ಬಿ.ಎಸ್ಸಿ. ಪಾಸಾಗಿದ್ದೇನೆ. ಯಾರಿಗೂ ಹೇಳಬೇಡಿ.)

ಚಿತ್ರದುರ್ಗದಲ್ಲಿ ಟೆಲಿಫೋನ್ ಎತ್ತಿದವರಿಗೆಲ್ಲ ನಮ್ಮಕ್ಕ ಗೊತ್ತು. ಮುಖವಲ್ಲ, ದನಿ. ಎಕ್ಸ್‌ಚೇಂಜಿನಲ್ಲಿ ಕೂತು "ನಂಬರ್ ಪ್ಲೀಸ್" ಎನ್ನುವವಳು ಅವಳೇ. ಭೀಮಸಮುದ್ರದ ಅಡಿಕೆಯವರಿಗೆ, ಹಿರಿಯೂರಿನ ತೆಂಗಿನಕಾಯಿಯವರಿಗೆ ಟ್ರಂಕ್ ಕಾಲ್ ಕೂಡಿಸಿಕೊಡುವವಳೂ ಅವಳೇ. ಲೈನು ಎಷ್ಟೇ ಕೆಟ್ಟಿರಲಿ, ಅವಳ ದನಿ ಮಾತ್ರ ಪಕ್ಕದ ಕುರ್ಚಿಯಿಂದ ಬಂದ ಹಾಗೆ ಕೇಳುತ್ತದೆ. ಹಲೋ ಎನ್ನುವ ಮೊದಲೇ, ಬರೀ ಕೆಮ್ಮು ಕೇಳಿ ಇಂಥವರೇ ಎಂದು ಹೇಳಬಲ್ಲಳು.

ಮೂರನೇ ಸಲ ಹೋದಾಗ ಪಟವೇಗಾರ ನಾರಾಯಣಪ್ಪನವರು ಒಡವೆ ಮುಟ್ಟಲೇ ಇಲ್ಲ. ಒಳಗಿನಿಂದ ಮೂರು ದಾರದ ತುಂಡು ತಂದು ಹಲಗೆಯ ಮೇಲೆ ಸಾಲಾಗಿ ಇಟ್ಟರು. ಮೂರೂ ಅಕ್ಕನ ಕುತ್ತಿಗೆಯ ಹಳೆಯ ಅಳತೆಗಳು: ಮೊದಲು ಪೋಣಿಸಿದಾಗಿನದು ಒಂದು, ಉದ್ದ ಮಾಡಿಸಿದಾಗಿನವು ಎರಡು. (ಗಿರಾಕಿಯ ಅಳತೆ ದಾರ ಎಸೆಯಬಾರದೆಂಬುದು ಅವರ ಮನೆಯ ಪದ್ಧತಿಯಂತೆ.) ಒಂದಕ್ಕಿಂತ ಒಂದು ಉದ್ದ.

"ತಾಯೀ, ಬಳೆ ಹಳೇವೇ ಅವೆ. ಕೈ ದಪ್ಪ ಆಗಿಲ್ಲ. ಕೊಳ್ಳು ಒಂದೇ ಯಾಕೆ ದಪ್ಪ ಆಗ್ಬೇಕು?" ಎಂದರು. ಆಮೇಲೆ ಒಂದು ಲೋಟ ನೀರು ಕೊಟ್ಟು "ಕುಡೀರಿ" ಎಂದರು. ಅಕ್ಕ ಕುಡಿದಳು. ಕುತ್ತಿಗೆಯ ಬುಡದಲ್ಲಿ ಗಂಟೊಂದು ಮೇಲೆದ್ದು ಮತ್ತೆ ಕೆಳಗಿಳಿಯಿತು. "ದಾರ ಸಾಕು ಮಾಡ್ರಿ. ಡಾಕ್ಟ್ರ ತಾವ ಹೋಗ್ರಿ."

ದಾವಣಗೆರೆಯಲ್ಲಿ ಸರ್ಜನ್ ಮೊದಲು ಮಾಡಿದ್ದೇನು ಗೊತ್ತೇ? ಒಂದು ಲೋಟ ನೀರು ಕೊಟ್ಟು "ಕುಡೀರಿ" ಎಂದರು. ನಾನು ನಾರಾಯಣಪ್ಪನವರ ಕತೆ ಹೇಳಿದೆ. ಅವರು ನಗಲಿಲ್ಲ. "ಥೈರಾಯ್ಡ್ ಗ್ರಂಥಿ ಉಸಿರಿನ ಕೊಳವೆಗೆ ಅಂಟ್ಕಂಡಿರ್ತೈತೆ. ನುಂಗಿದ್ರೆ ಅದೂ ಜೊತೇಲೇ ಏಳ್ತೈತೆ. ನಿಮ್ಮ ಪಟವೇಗಾರ್ರು ಸರಿಯಾಗೇ ನೋಡವ್ರೆ" ಎಂದು ದಪ್ಪ ಪುಸ್ತಕ ಬಿಚ್ಚಿದರು.

ಆ ಚಿತ್ರ ನೋಡಿ ನಾನು ದಂಗಾದೆ. ಚರ್ಮದ ಕೆಳಗೇ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಒಂದು ಸ್ನಾಯು. ನೊಣ ಕೂತರೆ ಎತ್ತು ಚರ್ಮ ನಡುಗಿಸುತ್ತದಲ್ಲ, ಅಂಥದ್ದರ ಗುರುತು ನಮ್ಮಲ್ಲಿ ಉಳಿದಿರುವುದು ಅಲ್ಲಿಯಂತೆ. ಅದರ ಕೆಳಗೆ ಎದೆಮೂಳೆಯಿಂದ ಮೇಲಕ್ಕೆ ಹೊರಟ ಸ್ನಾಯುಗಳು, ಲಾಡಿಯ ಹಾಗೆ, ಒಂದರ ಮೇಲೊಂದು. ಅವುಗಳ ಮರೆಯಲ್ಲಿ ಥೈರಾಯ್ಡ್. ಚಿಟ್ಟೆಯ ಹಾಗಿದೆ ಎಂದರು ಡಾಕ್ಟರು. ನನಗೆ ಕಂಡದ್ದು ಎರಡು ಬೊಟ್ಟಿನ ತಾಳಿ. ಹೆಂಗಸರು ಗಂಡಸರು ಎನ್ನದೆ ಎಲ್ಲರೂ ಹುಟ್ಟುವಾಗಲೇ ಕಟ್ಟಿಕೊಂಡು ಬಂದದ್ದು. ತೂಕ ಹೆಚ್ಚೆಂದರೆ ಎರಡು ತೊಲ. ಇಡೀ ಮೈಯ ಬಿಸಿ, ಎದೆಬಡಿತದ ವೇಗ ಎಲ್ಲ ಅದರ ಹಿಡಿತದಲ್ಲಿ. ನಾವು ಮೂರು ವರ್ಷ ಹೊರಗಿನ ನಾಲ್ಕು ತೊಲವನ್ನೇ ನೋಡುತ್ತಿದ್ದೆವು.

"ಗಂಟು ಆಪರೇಷನ್ ಮಾಡೇ ತೆಗೀಬೇಕು. ಈ ಸ್ನಾಯು ಆದಷ್ಟೂ ಕತ್ತರಿಸಲ್ಲ. ನಡುವೆ ಗೆರೆ ಐತಲ್ಲ, ಅಲ್ಲಿ ಬಿಡಿಸಿ ಎರಡೂ ಕಡೆ ಸರಿಸ್ತೀವಿ" ಎಂದರು ಡಾಕ್ಟರು. ಆಮೇಲೆ ಗ್ರಂಥಿಯ ಹಿಂದೆ ಬೆರಳಿಟ್ಟು ದನಿ ತಗ್ಗಿಸಿದರು. "ಇಲ್ಲಿ ಎಡಕ್ಕೊಂದು ಬಲಕ್ಕೊಂದು ನರ ಅವೆ. ದಾರದಷ್ಟು ಸಣ್ಣವು. ದನಿ ಇರೋದು ಅವುಗಳ ಮೇಲೆ. ಹುಷಾರಾಗೇ ಮಾಡ್ತೀವಿ. ಗ್ಯಾರಂಟಿ ಮಾತ್ರ ಕೇಳ್ಬೇಡ್ರಿ."

ಅಕ್ಕ ಚಿತ್ರದಲ್ಲಿ ಆ ಎರಡು ನರಗಳ ಮೇಲೆ ಬೆರಳಾಡಿಸಿದಳು. "ನಂಬರ್ ಪ್ಲೀಸ್ ಅನ್ನೋವಷ್ಟು ಉಳಿದ್ರೆ ಸಾಕು ಡಾಕ್ಟ್ರೇ" ಎಂದಳು. ಜೊತೆಗೆ ಬಂದಿದ್ದ ಭಾವ ಎದ್ದು ಹೊರಗೆ ಹೋದರು.

ಆಪರೇಷನ್ ಆಯಿತು. ಎಚ್ಚರವಾದ ಮೇಲೆ ಅವಳ ಬಾಯಿಂದ ಬಂದದ್ದು ಬರೀ ಗಾಳಿ. "ಊತ ಇಳೀಲಿ, ಕಾಯ್ರಿ" ಎಂದರು ಡಾಕ್ಟರು. ಮಾತಾಡಬೇಡ ಎಂದಿದ್ದರಿಂದ ಸ್ಲೇಟಿನಲ್ಲಿ ಬರೆಯತೊಡಗಿದಳು. ಅದೇ ಸ್ಲೇಟು ಹಿಡಿದು ಆರೈಕೆಗೆ ಹಿರಿಯೂರಿಗೆ, ಅವ್ವನ ಮನೆಗೆ ಹೋದಳು.

ಅಂದಿನಿಂದ ನನಗೆ ಕಂಡವರ ಕುತ್ತಿಗೆ ನೋಡುವ ಚಟ. ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ "ಹೊಳಲ್ಕೆರೆ, ಹೊಸದುರ್ಗ" ಎಂದು ಕೂಗಿದರೆ, ಆ ಎರಡು ದಾರ ನೆನಪಾಗಿ ಮೈ ಜುಮ್ಮೆನ್ನುತ್ತದೆ. ಇಷ್ಟು ಸಣ್ಣದರ ಮೇಲೆ ಇಷ್ಟು ದೊಡ್ಡ ಗದ್ದಲವೇ? ಬೈಗುಳ, ಜೋಗುಳ, ಚುನಾವಣೆಯ ಭಾಷಣ, ಎಲ್ಲವೂ? (ಕನ್ನಡಿಯ ಮುಂದೆ ನಿಂತು ಒಂದು ಗುಟುಕು ನೀರು ಕುಡಿದು ನೋಡಿ. ಈಗಲೇ ಬೇಡ, ಓದಿ ಮುಗಿಸಿ.)

ಒಂದೂವರೆ ತಿಂಗಳಾದ ಮೇಲೆ ಅಕ್ಕನ ಕಾರ್ಡು ಬಂತು. "ಸೋಮವಾರ ಡ್ಯೂಟಿಗೆ ಹೋಗುತ್ತೇನೆ" ಎಂದಷ್ಟೇ ಇತ್ತು. ದನಿಯ ಬಗ್ಗೆ ಒಂದಕ್ಷರವಿಲ್ಲ. ಕೆಲಸಕ್ಕೆ ಹೋಗುತ್ತಿದ್ದಾಳೋ, ಕೆಲಸ ಬಿಡಲು ಹೋಗುತ್ತಿದ್ದಾಳೋ?

ಕಳೆದ ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಆಫೀಸಿನ ಫೋನ್ ಎತ್ತಿದೆ.

"ನಂಬರ್ ಪ್ಲೀಸ್."

ಅದೇ ದನಿ. ಪಕ್ಕದ ಕುರ್ಚಿಯಿಂದ ಬಂದ ಹಾಗೆ. ನಾನು ಬಾಯಿ ತೆರೆದೆ, ಮಾತು ಹೊರಡಲಿಲ್ಲ. ಇನ್ನೊಂದು ಸಲ "ನಂಬರ್ ಪ್ಲೀಸ್" ಎಂದಳು. ನಾನು ಒಮ್ಮೆ ಕೆಮ್ಮಿದೆ, ಅಷ್ಟೇ.

"ಲೇ, ಆಪರೇಷನ್ ಆಗಿದ್ದು ನನ್ನ ಗಂಟ್ಲಿಗೋ, ನಿನ್ನ ಗಂಟ್ಲಿಗೋ?"